ಕ ಆದ್ಮೇಲೆ ಖ ಯಾಕೆ?

"ಆಂಟಿ, ಎ ಆದ್ಮೇಲೆ ಬಿ ಯಾಕೆ ಅಂತ ಕೇಳಿದ್ರೆ ಯಾರೂ ಹೇಳಲ್ಲ. ಕ ಆದ್ಮೇಲೆ ಖ ಯಾಕೆ, ನಿಮಗೆ ಗೊತ್ತಾ?" ಹೋದ ಭಾನುವಾರ ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಏಳು ವರ್ಷದ ಹುಡುಗಿಯ ಪ್ರಶ್ನೆ. ಈ ಸಂಚಿಕೆಯ ಪುಟ ಮುಗಿಸುವ ಗಡಿಬಿಡಿಯಲ್ಲೂ ಅದು ಕಿವಿಯಲ್ಲೇ ಇದೆ.

ಬಾಯಿಯ ಮುಂದೆ ಅಂಗೈ ಇಟ್ಟುಕೊಂಡು ಹೇಳಲು ತಿಳಿಸಿದೆ. ಕ ಅಂದಾಗ ಉಸಿರು ಅಷ್ಟಾಗಿ ತಾಕುವುದಿಲ್ಲ, ಖ ಅಂದರೆ ಬಡಿಯುತ್ತದೆ. ಗ ಅಂದರೆ ಗಂಟಲು ಅದುರುತ್ತದೆ, ಙ ಮೂಗಿಗೆ ಹೋಗುತ್ತದೆ. ಆಮೇಲೆ ಕ, ಚ, ಟ, ತ, ಪ. ಕಂಠದಿಂದ ಹೊರಟು ಅಂಗುಳ, ಹಲ್ಲು ದಾಟಿ ತುಟಿಗೆ ಬಂದಾಗ ಅವಳ ಕಣ್ಣು ಅರಳಿತು. ಇಪ್ಪತ್ತೈದು ವರ್ಗೀಯ ವ್ಯಂಜನಗಳೂ ಬಾಯೊಳಗೇ ಜೋಡಿಸಿಟ್ಟವು.

ಎ, ಬಿ, ಸಿಗಳ ಸಾಲಿಗೆ ಅಂಥ ಕಾರಣ ಕಾಣುವುದಿಲ್ಲ. ಸಿರಿಯಾ ಕರಾವಳಿಯ ಉಗಾರಿಟ್‌ನಲ್ಲಿ ಸಿಕ್ಕ ಮೂರು ಸಾವಿರ ವರ್ಷಕ್ಕೂ ಹಳೆಯ ಮಣ್ಣಿನ ಹಲಗೆಗಳಲ್ಲೇ 30 ಅಕ್ಷರಗಳು ಹೆಚ್ಚುಕಡಿಮೆ ಅದೇ ವರಸೆಯಲ್ಲಿವೆ. ಮೆಡಿಟರೇನಿಯನ್ ಕರಾವಳಿಯ ಪ್ರಾಚೀನ ಜನ ಫಿನೀಷಿಯನ್ನರ ಮೊದಲ ಅಕ್ಷರ ಆಲೆಫ್ ಎಂದರೆ ಎತ್ತು, ಎರಡನೆಯ ಬೇತ್ ಎಂದರೆ ಮನೆ. ಗ್ರೀಕರ ಬಾಯಲ್ಲಿ ಆಲ್ಫಾ, ಬೀಟಾ ಆಗುವಾಗ ಎತ್ತೂ ಮನೆಯೂ ಮರೆತುಹೋದವು, ಸಾಲು ಮಾತ್ರ ಉಳಿಯಿತು.

ಆದರೆ ಸಾಲಿನ ನಿಜವಾದ ಉಪಕಾರ ನನಗೆ ಗೊತ್ತಾದದ್ದು ಅಪ್ಪನ ನಿಘಂಟಿನಿಂದ. ನನಗಾಗ ಒಂಬತ್ತು ವರ್ಷ. 'ಕ್ಷಿತಿಜ' ಅಂದರೇನು ಎಂದು ಕೇಳಿದ್ದಕ್ಕೆ ಅಪ್ಪ ಆ ದಪ್ಪ ಪುಸ್ತಕ ಮಡಿಲಿಗಿಟ್ಟು, "ನೀನೇ ಹುಡುಕು ಪುಟ್ಟಿ" ಅಂದರು. ಶಾಲೆಯ ಪಟದಲ್ಲಿ ಳ ಆದ ಮೇಲೆ ಕ್ಷ, ಜ್ಞ ಇತ್ತಲ್ಲ, ನೇರ ಕೊನೆಯ ಪುಟಕ್ಕೆ ಹೋದೆ. ಇಲ್ಲ. ಷ ತಿರುವಿದೆ, ಅಲ್ಲೂ ಇಲ್ಲ. ಅಳು ಬಂತು. ಅಪ್ಪ ಪಕ್ಕ ಕೂತು, "ನಿಧಾನಕ್ಕೆ ಬಿಡಿಸಿ ಹೇಳು" ಅಂದರು. ಕ್... ಷಿ... ಕ! ಕಾಗುಣಿತವೆಲ್ಲ ಮುಗಿದು, ಒತ್ತಕ್ಷರಗಳು ಶುರುವಾಗಿ, ಕ ವಿಭಾಗದ ತುದಿಯಲ್ಲಿ ಅದು ಕೂತಿತ್ತು. ಅವತ್ತಿನಿಂದ ಯಾವ ಪದಕ್ಕೂ ಯಾರನ್ನೂ ಕಾಯಬೇಕಾಗಲಿಲ್ಲ. ಅಪ್ಪ ಈಗಿಲ್ಲ. ನಿಘಂಟು ನನ್ನ ಜೊತೆ ಇಷ್ಟು ದೂರ ಬಂದಿದೆ.

ಹಳೆಯ ಸಂಸ್ಕೃತ ಪದಕೋಶ ಅಮರಕೋಶ ಅಕಾರಾದಿಯಲ್ಲಿಲ್ಲ. ಸ್ವರ್ಗ, ಭೂಮಿ ಎಂದು ವಿಷಯದ ಪ್ರಕಾರ ಶ್ಲೋಕದಲ್ಲಿದೆ. ಬಾಯಿಪಾಠ ಮಾಡಿದವರಿಗೆ ಹುಡುಕುವ ಕೆಲಸವೇ ಇಲ್ಲ. ಅಕಾರಾದಿ ಇರುವುದು ಬಾಯಿಪಾಠ ಇಲ್ಲದವರಿಗೆ, ಹೊಸದಾಗಿ ಬಂದವರಿಗೆ. 1604ರಲ್ಲಿ ಇಂಗ್ಲಿಷ್ ಪದಕೋಶ ಅಚ್ಚು ಹಾಕಿಸಿದ ರಾಬರ್ಟ್ ಕಾಡ್ರಿ, ಮೊದಲು ಅಕ್ಷರಗಳ ಸಾಲನ್ನು ಪುಸ್ತಕ ನೋಡದೆ ಹೇಳಲು ಕಲಿಯಿರಿ ಎಂದು ಮುನ್ನುಡಿಯಲ್ಲೇ ಓದುಗರಿಗೆ ಪಾಠ ಹೇಳಬೇಕಾಯಿತು. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಆ ಪಾಠ ಹೇಳುವವರು ನಾವೇ.

ಜಾಗ ಮುಗಿಯುತ್ತಿದೆ, ಸೂಚನೆಗಳು: ವಾರ್ಷಿಕ ಸಭೆ ಬರುವ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ 3ಕ್ಕೆ, ಎಂದಿನ ಸಭಾಂಗಣ. ಕನ್ನಡ ತರಗತಿ ಇನ್ನು ಮುಂದೆ 10ರ ಬದಲು 11ಕ್ಕೆ. ಮುಂದಿನ ಸಂಚಿಕೆಗೆ ಬರಹಗಳು 20ರೊಳಗೆ, ಯೂನಿಕೋಡ್‌ನಲ್ಲಿ. ಸದಸ್ಯರ ಪಟ್ಟಿ ಈ ಸಲ ಕನ್ನಡ ಅಕಾರಾದಿಯಲ್ಲಿ ಬರಲಿದೆ. ಕಂಪ್ಯೂಟರ್‌ಗಾಗಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಕೋಷ್ಟಕದಲ್ಲಿ ಳ ಬರುವುದು ಲ ಪಕ್ಕದಲ್ಲಿ, ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ. ಹಾಗಾಗಿ ಕಂಪ್ಯೂಟರ್ ಜೋಡಿಸಿದ್ದನ್ನು ಕಣ್ಣಿಂದ ನೋಡಿಯೇ ತಿದ್ದಬೇಕು, ಒಬ್ಬಳಿಂದ ಆಗುತ್ತಿಲ್ಲ.

ನಮ್ಮ ಪುಸ್ತಕದ ಕಪಾಟು ನೋಡಿಕೊಳ್ಳುತ್ತಿದ್ದ ಅಕ್ಕ ಊರು ಬಿಟ್ಟು ಹೋಗಿದ್ದಾರೆ, ಪುಸ್ತಕಗಳು ಪೆಟ್ಟಿಗೆಗಳಲ್ಲೇ ಇವೆ. ಶನಿವಾರ ಬೆಳಿಗ್ಗೆ ಎರಡು ಗಂಟೆ ಬಿಡುವಿದ್ದರೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಕ್ಷ ಇಂದ ಶುರುವಾಗುವ ಪುಸ್ತಕ ಸಿಕ್ಕರೆ ಕ ಸಾಲಿನ ಕೊನೆಗೆ ಇಡಿ.