ಪ್ರಾರ್ಥನೆಗೆ ನಿಂತ ಮಕ್ಕಳು ಚಕ್ಕರ್ ಬಂದು ಬೀಳುವುದರ ಬಗ್ಗೆ

ಮಾನ್ಯ ಪಾಲಕರಿಗೆ,

ನಮಸ್ಕಾರ. ಮಕ್ಕಳಿಗೆ ಈ ವಾರ ಹೃದಯ ಮತ್ತು ರಕ್ತ ಪರಿಚಲನೆಯ ಪಾಠ ನಡೆದಿದೆ. ಹೊರಗೆ ರಾಯಚೂರಿನ ಬಿಸಿಲು ಏರುತ್ತಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ತಲೆ ತಿರುಗಿ ಬೀಳುವ ಕಾಲ ಇದು. ಬಿದ್ದ ಮಗುವಿಗೆ ಹಾರ್ಟ್ ವೀಕ್ ಎಂದೋ ಗಾಳಿ ಸೋಕಿದೆ ಎಂದೋ ಮನೆಯವರು ಗಾಬರಿಯಾಗುತ್ತಾರೆ. ಬಹುತೇಕ ಸಲ ಆಗಿರುವುದು ಇಷ್ಟೇ: ಕಾಲಿಗಿಳಿದ ರಕ್ತ ಹೊತ್ತಿಗೆ ಸರಿಯಾಗಿ ಮೇಲೆ ಬಂದಿರುವುದಿಲ್ಲ.

ಹೃದಯ ಅವರವರ ಮುಷ್ಟಿಯಷ್ಟು ದೊಡ್ಡದು. ಬಲಭಾಗ ಪಕ್ಕದ ಶ್ವಾಸಕೋಶಕ್ಕೆ ರಕ್ತ ಕಳಿಸಿದರೆ ಸಾಕು. ಎಡ ಹೃತ್ಕುಕ್ಷಿ, ಅಂದರೆ ಎಡಭಾಗದ ಕೆಳಗಿನ ಕೋಣೆ, ನೆತ್ತಿಯಿಂದ ಅಂಗಾಲಿನವರೆಗೆ ತಳ್ಳಬೇಕು, ಅದಕ್ಕೇ ಅದರ ಗೋಡೆ ದಪ್ಪ. ದೊಡ್ಡವರಲ್ಲಿ ಒಂದು ಬಡಿತಕ್ಕೆ ಸುಮಾರು 70 ಮಿ.ಲೀ., ನಿಮಿಷಕ್ಕೆ 5 ಲೀಟರ್. ಆದರೆ ತನ್ನೊಳಗೆ ಬಂದಷ್ಟನ್ನೇ ಅದು ಹೊರಗೆ ಕಳಿಸಬಲ್ಲದು. ಕಾಲಿನ ರಕ್ತವನ್ನು ಮೇಲೆ ತರುವುದು ಮೀನಖಂಡದ ಕೆಲಸ. ನಡೆದಾಗ ಆ ಸ್ನಾಯು ಅಭಿಧಮನಿಗಳನ್ನು (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳು) ಹಿಂಡುತ್ತದೆ, ಒಳಗಿನ ಕವಾಟಗಳು ರಕ್ತ ಮತ್ತೆ ಕೆಳಗೆ ಜಾರದಂತೆ ತಡೆಯುತ್ತವೆ. ಅಲುಗಾಡದೆ ನಿಂತರೆ ಹಿಂಡುವ ಕೆಲಸವೇ ನಿಲ್ಲುತ್ತದೆ. ಬಿಸಿಲಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರಿ ನೀರು ಕಡಿಮೆಯಾಗಿರುತ್ತದೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ.

ಈ ಕವಾಟಗಳನ್ನು ಮನೆಯಲ್ಲೇ ನೋಡಬಹುದು. ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದ ಪ್ರಯೋಗವಿದು. ನರ (ನಾವು ರೂಢಿಯಲ್ಲಿ ನರ ಎನ್ನುವುದು ಇದೇ ಅಭಿಧಮನಿಯನ್ನು) ಎದ್ದು ಕಾಣುವ ದೊಡ್ಡವರ ತೋಳಿಗೆ, ಮೊಣಕೈಗಿಂತ ಮೇಲೆ, ಟವೆಲ್ ಸ್ವಲ್ಪ ಬಿಗಿಯಾಗಿ ಕಟ್ಟಿ. ಉಬ್ಬಿದ ನರದ ಮೇಲೆ ಮುಂಗೈ ಹತ್ತಿರ ಒಂದು ಬೆರಳಿಟ್ಟು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮೊಣಕೈ ಕಡೆಗೆ ನೀವಿ ಬಿಡಿ. ನಡುವಿನ ಭಾಗ ಚಪ್ಪಟೆಯಾಗಿಯೇ ಉಳಿಯುತ್ತದೆ, ಮೇಲಿನ ರಕ್ತ ಕೆಳಗೆ ಬರುವುದಿಲ್ಲ. ಒತ್ತಿದ ಬೆರಳು ತೆಗೆದೊಡನೆ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಒಂದು ನಿಮಿಷದೊಳಗೆ ಟವೆಲ್ ಬಿಚ್ಚಿಬಿಡಿ. ಮಕ್ಕಳು ತಾವೇ ಕಂಡದ್ದನ್ನು ಮರೆಯುವುದಿಲ್ಲ.

ಖಾಲಿ ಹೊಟ್ಟೆಯಲ್ಲಿ ದಯವಿಟ್ಟು ಕಳಿಸಬೇಡಿ. ಒಂದು ರೊಟ್ಟಿಯಾದರೂ ತಿಂದು, ಎರಡು ಲೋಟ ನೀರೋ ಮಜ್ಜಿಗೆಯೋ ಕುಡಿದು ಬರಲಿ. ಪ್ರಾರ್ಥನೆಯನ್ನು ನೆರಳಿಗೆ ಬದಲಿಸಿದ್ದೇವೆ. ಹಿಮ್ಮಡಿ ಎತ್ತಿ ಇಳಿಸುತ್ತಿರಲು ಮಕ್ಕಳಿಗೆ ಹೇಳಿದ್ದೇವೆ. ಕಿವಿ ಗುಂಯ್‌ಗುಟ್ಟಿ ಬೆವರಿದರೆ ಕೇಳದೆಯೇ ಕೂತುಬಿಡಬಹುದು, ಯಾರೂ ಬೈಯುವುದಿಲ್ಲ.

ಬಿದ್ದ ಮಗುವನ್ನು ಎತ್ತಿ ಕೂಡಿಸುವುದೇ ಎಲ್ಲರೂ ಮಾಡುವ ತಪ್ಪು. ಕೂತರೆ ತಲೆಗೆ ರಕ್ತ ಏರುವುದು ಇನ್ನೂ ಕಷ್ಟ. ಅಂಗಾತ ಮಲಗಿಸಿ ಕಾಲು ಒಂದು ಅಡಿಯಷ್ಟು ಎತ್ತಿ ಹಿಡಿಯಿರಿ, ಬಟ್ಟೆ ಸಡಿಲಿಸಿ, ಗಾಳಿಯಾಡಲು ಬಿಡಿ. ಕೈಗೆ ಕೀಲಿ ಕೊಡುವುದು, ಈರುಳ್ಳಿ ಮೂಸಿಸುವುದು ಬೇಡ. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಲೇಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಕಣ್ಣು ಬಿಡುತ್ತಾರೆ. ಬಿಡದಿದ್ದರೆ 108ಕ್ಕೆ ಕರೆ ಮಾಡಿ.

ಓಡುವಾಗ, ಆಡುವಾಗಲೇ ಎಚ್ಚರ ತಪ್ಪಿ ಬಿದ್ದರೆ ಅದು ಬೇರೆ ಮಾತು. ಹಾಗೆ ಬಿದ್ದರೆ, ಇಲ್ಲವೇ ಬೀಳುವ ಮುಂಚೆ ಎದೆ ನೋವು ಬಂದಿದ್ದರೆ, ಎದೆ ತೀರಾ ಜೋರಾಗಿ ಹೊಡೆದುಕೊಂಡಿದ್ದರೆ, ತುಟಿ ನೀಲಿಯಾದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ತಡಮಾಡದೆ ರಿಮ್ಸ್‌ಗೋ ಹತ್ತಿರದ ಆಸ್ಪತ್ರೆಗೋ ಕರೆದೊಯ್ದು ಇಸಿಜಿ ಮಾಡಿಸಿ. ಅಂಥ ಮಗುವಿನ ವಿಷಯ ತರಗತಿ ಶಿಕ್ಷಕರಿಗೂ ಬರೆದು ತಿಳಿಸಿ. ವೈದ್ಯರು ಒಪ್ಪುವವರೆಗೆ ನಾವು ಆ ಮಗುವನ್ನು ಓಟಕ್ಕೆ ಬಿಡುವುದಿಲ್ಲ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು