ಮಾರ್ತಾಂಡ ವರ್ಮನನ್ನು ಓಡಿಸಬೇಡಿ: ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಒಂದು ದಿನವನ್ನು ರಾಜಮನೆತನದ ಒಳಜಗಳ, ಸೇಡು, ಸಂಚುಗಳ ಮೂಕಿ ಚಿತ್ರಗಳಿಗೆ ಮೀಸಲಿಡಿ ಎಂಬುದು ನಮ್ಮ ಕೋರಿಕೆ. ಎರಡೇ ಚಿತ್ರ ಸಾಕು: 1929ರ ‘ಪ್ರಪಂಚ ಪಾಶ್’, 1933ರ ‘ಮಾರ್ತಾಂಡ ವರ್ಮ’. ತೋರಿಸುವುದಾದರೆ ಸರಿಯಾದ ವೇಗದಲ್ಲಿ ತೋರಿಸಿ. ಅದಾಗದಿದ್ದರೆ ಬಿಟ್ಟುಬಿಡುವುದೇ ಮೇಲು.

ಮೊದಲನೆಯದರಲ್ಲಿ ತಲೆನೋವಿಲ್ಲ. ಫ್ರಾಂಜ್ ಓಸ್ಟೆನ್ ನಿರ್ದೇಶಿಸಿ ಹಿಮಾಂಶು ರಾಯ್ ಖಳರಾಜನಾಗಿ ನಟಿಸಿದ ಈ ಪಗಡೆಯ ಕತೆಯನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ದುರಸ್ತಿ ಮಾಡಿಸಿದೆ. ನಿತಿನ್ ಸಾಹ್ನಿ ಅವರ ಸಂಗೀತ ಅದಕ್ಕೆ ಅಳತೆಯಾಗಿ ಕೂತಿದೆ. ಬಂದ ಹಾಗೆ ಹಾಕಿದರಾಯಿತು.

ಕೆಲಸವಿರುವುದು ಪಿ.ವಿ. ರಾವ್ ನಿರ್ದೇಶನದ ‘ಮಾರ್ತಾಂಡ ವರ್ಮ’ದಲ್ಲಿ. ತಿರುವಾಂಕೂರಿನ ಅರಸು ಮಾರ್ತಾಂಡ ವರ್ಮನ ಪಟ್ಟದ ಜಗಳವನ್ನು ಹೇಳುವ, ಸಿ.ವಿ. ರಾಮನ್ ಪಿಳ್ಳೆಯವರ 1891ರ ಮಲಯಾಳಂ ಕಾದಂಬರಿ ಇದಕ್ಕೆ ಮೂಲ. ಬಿಡುಗಡೆಯ ಹೊತ್ತಿಗೇ ಕಾದಂಬರಿಯ ಹಕ್ಕಿನ ತಕರಾರೆದ್ದು ಚಿತ್ರ ಮೂಲೆ ಸೇರಿತು. 1974ರಲ್ಲಿ ಕಾದಂಬರಿಯ ಪ್ರಕಾಶಕರಾದ ತಿರುವನಂತಪುರದ ಕಮಲಾಲಯ ಬುಕ್ ಡಿಪೋದಲ್ಲಿ ಪತ್ತೆಯಾದ ಪ್ರತಿ ಹಳೆಯ ಚಿತ್ರಗಳ ಸಂಗ್ರಾಹಕ ಪಿ.ಕೆ. ನಾಯರ್ ಅವರ ಮೂಲಕ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸೇರಿತು. ನೂರಾರು ಮೂಕಿಗಳು ಊರೂರು ಸುತ್ತಿ ಸವೆದು ಹಾಳಾದವು. ಇದನ್ನು ಉಳಿಸಿದ್ದು ವ್ಯಾಜ್ಯ! ಚಿತ್ರದ ಹಕ್ಕಿನ ಅವಧಿ ಎಂದೋ ಮುಗಿದಿದೆ. ಈಗ ಬೇಕಿರುವುದು ಸಂಗ್ರಹಾಲಯದ ಒಪ್ಪಿಗೆ ಮತ್ತು ಒಳ್ಳೆಯ ಪ್ರತಿ.

ಕೇಳುವಾಗ ಫ್ರೇಮ್ ಫ್ರೇಮಾಗಿ, ಅಂದರೆ ಫಿಲ್ಮಿನ ಒಂದೊಂದು ಬಿಡಿ ಚಿತ್ರವಾಗಿ, ಸ್ಕ್ಯಾನ್ ಮಾಡಿದ ಕಡತವನ್ನೇ ಕೇಳಿ. ಡಿವಿಡಿಗೆಂದು ಮಾಡಿದ ನಕಲಿನಲ್ಲಿ ವೇಗ ಆಗಲೇ ಕೆಟ್ಟಿರುತ್ತದೆ. ಆಗಿನ ಕ್ಯಾಮೆರಾಗಳನ್ನು ಹೆಚ್ಚಾಗಿ ಕೈಯಲ್ಲೇ ತಿರುಗಿಸುತ್ತಿದ್ದರು: ಒಂದು ಸುತ್ತಿಗೆ 8 ಫ್ರೇಮು, ಸೆಕೆಂಡಿಗೆ ಎರಡು ಸುತ್ತೆಂದರೆ 16. ಮೂಕಿ ಯುಗದ ಕೊನೆಗೆ ಹಲವರು ಇನ್ನೂ ಚುರುಕಾಗಿ ತಿರುಗಿಸುತ್ತಿದ್ದರು. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮು. ಹಾಗಾಗಿ 1000 ಅಡಿಯ ರೀಲು ಸೆಕೆಂಡಿಗೆ 16 ಫ್ರೇಮಿನ ವೇಗದಲ್ಲಿ 16 ನಿಮಿಷ 40 ಸೆಕೆಂಡು ನಡೆಯುತ್ತದೆ, 20ರಲ್ಲಿ 13 ನಿಮಿಷ 20 ಸೆಕೆಂಡು. ಟಾಕಿಯ 24ರಲ್ಲಿ ಹಾಕಿದರೆ 11 ನಿಮಿಷಕ್ಕೇ ಮುಗಿದುಹೋಗುತ್ತದೆ. ಸಿಂಹಾಸನದತ್ತ ಗಂಭೀರವಾಗಿ ಹೆಜ್ಜೆ ಇಡಬೇಕಾದ ಅರಸು ಕೊನೇ ಬಸ್ಸು ತಪ್ಪಿದವನಂತೆ ಓಡುತ್ತಾನೆ, ಸೇಡಿನ ಶಪಥಕ್ಕೆ ಸಭೆ ನಗುತ್ತದೆ. ಮೂಕಿಯೆಂದರೆ ಹಾಸ್ಯ ಎಂಬ ತಪ್ಪು ಕಲ್ಪನೆ ಹುಟ್ಟುವುದು ಬಹುಪಾಲು ಇಲ್ಲಿಂದಲೇ.

ಸರಿಯಾದ ವೇಗ ಯಾವ ದಾಖಲೆಯಲ್ಲೂ ಬರೆದಿರಬೇಕೆಂದಿಲ್ಲ, ಕಣ್ಣಳತೆಯಲ್ಲೇ ಹಿಡಿಯಬೇಕು. ಸುರಿಯುವ ನೀರು, ಜಾರಿ ಬೀಳುವ ಉತ್ತರೀಯ, ಸುಮ್ಮನೆ ನಡೆದು ಹೋಗುವ ಸೇವಕ, ಇಂಥವನ್ನು 16, 18, 20, 22ರಲ್ಲಿ ಹಾಕಿ ನೋಡಿ. ಯಾವುದರಲ್ಲಿ ನೀರು ನೀರಿನ ಹಾಗೆ ಬೀಳುತ್ತದೋ ಅದೇ ಆ ದೃಶ್ಯದ ವೇಗ. ಒಂದೇ ಚಿತ್ರದೊಳಗೂ ಇದು ಬದಲಾಗುವುದುಂಟು. ಕತ್ತಿ ಕಾಳಗವನ್ನು ಬೇಕೆಂದೇ ನಿಧಾನ ತಿರುಗಿಸಿ ತೆಗೆಯುತ್ತಿದ್ದರು, ತೆರೆಯ ಮೇಲೆ ಬಿರುಸಾಗಿ ಕಾಣಲೆಂದು. ಅಂಥದ್ದನ್ನು ‘ಸರಿಪಡಿಸಲು’ ಹೋಗಬಾರದು.

ಇನ್ನು ಡಿಜಿಟಲ್ ಪ್ರೊಜೆಕ್ಟರು. ಎಲ್ಲ ಚಿತ್ರಮಂದಿರದ ಸರ್ವರುಗಳೂ 16 ಅಥವಾ 18ರ ಕಡತವನ್ನು ಒಪ್ಪುವುದಿಲ್ಲ. 16ನ್ನು 24ಕ್ಕೆ ಏರಿಸಲು ಒಂದು ಬಿಟ್ಟು ಒಂದು ಫ್ರೇಮನ್ನು ಎರಡು ಸಲ ತೋರಿಸಬೇಕಾಗುತ್ತದೆ. ಆಗ ಮೆರವಣಿಗೆ, ಕುದುರೆ ಓಟಗಳಲ್ಲಿ ಚಿತ್ರ ತಡವರಿಸುತ್ತದೆ. 48ರ ಕಡತ ಮಾಡಿಸಿದರೆ ಪ್ರತಿ ಫ್ರೇಮೂ ಸಮನಾಗಿ ಮೂರು ಸಲ ಬರುತ್ತದೆ, ತೊಡಕಿಲ್ಲ. ಚೌಕಟ್ಟಿನ ಅಗಲ ಎತ್ತರದ 1.33 ಪಟ್ಟು, ಅಂದರೆ 1998 x 1080 ಪಿಕ್ಸೆಲ್‌ಗಳ ತೆರೆಯಲ್ಲಿ 1440 x 1080. ಇಬ್ಬದಿಯ ಕಪ್ಪು ಪಟ್ಟಿ ಕಂಡು ಆಪರೇಟರು ಝೂಮ್ ಮಾಡಿದರೆ ಮೊದಲು ಹೋಗುವುದು ರಾಜನ ಕಿರೀಟ.

ಕತೆಯಲ್ಲೂ ಒಂದು ಅಡ್ಡಿಯಿದೆ. ತಿರುವಾಂಕೂರಿನಲ್ಲಿ ಪಟ್ಟ ಹೋಗುತ್ತಿದ್ದುದು ರಾಜನ ಮಗನಿಗಲ್ಲ, ಸೋದರಿಯ ಮಗನಿಗೆ. ಇದು ಗೊತ್ತಿಲ್ಲದವರಿಗೆ ರಾಜನ ಮಕ್ಕಳಾದ ತಂಬಿಗಳು ಅನ್ಯಾಯಕ್ಕೊಳಗಾದವರಂತೆ ಕಾಣುತ್ತಾರೆ, ಎಟ್ಟುವೀಟ್ಟಿಲ್ ಪಿಳ್ಳೆಮಾರರೆಂಬ ಎಂಟು ಮನೆತನಗಳ ಪಾಳೆಯಗಾರರ ಸಂಚು ನ್ಯಾಯದ ಹೋರಾಟವಾಗಿಬಿಡುತ್ತದೆ. ನಮ್ಮ ಕರಾವಳಿಯ ಅಳಿಯಸಂತಾನ ಕಟ್ಟು ಬಲ್ಲವರಿಗೆ ಎರಡು ಸಾಲಿನ ವಿವರಣೆ ಸಾಕು. ಉಳಿದವರಿಗೆ ಬಾಗಿಲಲ್ಲಿ ಒಂದು ಹಾಳೆಯ ವಂಶಾವಳಿ ಕೊಡಿ. ಚಿತ್ರದ ಬರಹಗಳು ಇಂಗ್ಲಿಷ್, ಮಲಯಾಳಂನಲ್ಲಿವೆ. ಅವುಗಳ ಮೇಲೆ ಕನ್ನಡ ಅಂಟಿಸುವ ಬದಲು, ತೆರೆಯ ಪಕ್ಕ ನಿಂತು ಒಬ್ಬರು ಕನ್ನಡದಲ್ಲಿ ಓದಿ ಹೇಳಲಿ. ಆ ಕಾಲದ ಟೆಂಟುಗಳಲ್ಲೂ ಹಾಗೆ ಓದಿ ಹೇಳುವವರಿದ್ದರು.

ಹಾರ್ಮೋನಿಯಂ, ತಬಲಾ, ಪಿಟೀಲು ಇಷ್ಟಿದ್ದರೆ ಸಂಗೀತಕ್ಕೆ ಧಾರಾಳವಾಯಿತು. ವೇಗ ಗೊತ್ತುಮಾಡಿದ ಮೇಲಷ್ಟೇ ತಾಲೀಮು, ಅದೂ ಪ್ರದರ್ಶನಕ್ಕೆ ಹಾಕುವ ಕಡತದ ಜೊತೆಗೇ. ವಾದ್ಯಗಾರರ ದೀಪದ ಬೆಳಕು ತೆರೆಗೆ ತಾಗದಂತೆ ಮರೆ ಕಟ್ಟಿಸಿ.

ಪುಣೆಗೆ ಪತ್ರ ಉತ್ಸವಕ್ಕೆ ಆರು ತಿಂಗಳು ಮೊದಲೇ ಹೋಗಲಿ. ವೇಗ ಗೊತ್ತುಮಾಡುವ ಹೊಣೆಯನ್ನು ಒಬ್ಬ ತಂತ್ರಜ್ಞರಿಗೆ ಬರಹದಲ್ಲೇ ವಹಿಸಿ. ಪ್ರದರ್ಶನ ನಡೆಯುವ ಸಭಾಂಗಣದಲ್ಲೇ ಹಿಂದಿನ ರಾತ್ರಿ ಪೂರ್ತಿ ಚಿತ್ರವನ್ನು ಒಮ್ಮೆ ಹಾಕಿ ನೋಡಲು ಸಮಯ ಕಾದಿರಿಸಿ.

ಇಂತಿ,
ಮೂಕಿ ಚಿತ್ರ ಪ್ರದರ್ಶನದ ಕೆಲಸ ಬಲ್ಲ ಕೆಲವರು