ಮೇಲಿನ ಮನೆಯ ಅಕ್ಕನಿಗೆ

ನಾವು ಸಬ್‌ಟೈಟಲ್ ಮಾಡುತ್ತಿರುವ ಹಳೆಯ ಸೋವಿಯತ್ ಸಿನಿಮಾಗಳಲ್ಲಿ ನಾಲ್ಕನೆಯದಾದ 'ಗರಾಜ್'ನ ಕನ್ನಡ ಸಬ್‌ಟೈಟಲ್ ಕೂಡ ಮುಗಿಯಿತು. ಭಾನುವಾರ ನಮ್ಮ ಮನೆ ಹಾಲ್‌ನಲ್ಲೇ ಎಲ್ಲರೂ ಕೂತು ನೋಡಿದೆವು. ಅಮ್ಮ ಆಸ್ಪತ್ರೆಯಲ್ಲಿದ್ದದ್ದರಿಂದ ಇಷ್ಟು ತಡವಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ.

ಪ್ರೊಜೆಕ್ಟರ್ ತಂದುಕೊಟ್ಟ ಗೆಳೆಯ, 1975ರ 'ಅಫೋನ್ಯಾ' ಸಿನಿಮಾದ ಪ್ಲಂಬರ್ ಬಾಯಿಗೆ ಒಪ್ಪುವ ಮಾತು ಹುಡುಕಿಕೊಟ್ಟ ಭಾವ, ಕಾಗುಣಿತ ತಿದ್ದಿದ ತಂಗಿ, ನಿಮಗೆಲ್ಲ ಮನಸಾರೆ ಥ್ಯಾಂಕ್ಸ್.

ಇನ್ನು ಮೇಲಿನ ಮನೆಯ ಅಕ್ಕ. ಎಂಬತ್ತರ ದಶಕದಲ್ಲಿ ಮಾಸ್ಕೋದಲ್ಲಿ ಓದಿದವರು. ಅಮ್ಮ ಐಸಿಯುನಲ್ಲಿದ್ದ ಆ ರಾತ್ರಿ ಫ್ಲಾಸ್ಕ್‌ನಲ್ಲಿ ಕಾಫಿ ಹಿಡಿದು ಬಂದರು. "ಸುಮ್ನೆ ಬಾಗಿಲು ನೋಡ್ತಾ ಕೂತ್ರೆ ತಲೆ ಕೆಡುತ್ತೆ, ಲ್ಯಾಪ್‌ಟಾಪ್ ತೆಗಿ" ಅಂದರು. ಒಂದೇ ಇಯರ್‌ಫೋನ್. ಒಂದು ತುದಿ ಅವರ ಕಿವಿಗೆ, ಇನ್ನೊಂದು ನನಗೆ.

ಅವತ್ತು ಕೈಯಲ್ಲಿದ್ದದ್ದು ಎಲ್ದಾರ್ ರಿಯಾಜಾನೊವ್ ನಿರ್ದೇಶಿಸಿದ 1979ರ 'ಗರಾಜ್'. ಗ್ಯಾರೇಜ್ ಕಟ್ಟಿಸುವ ಸಹಕಾರ ಸಂಘದ ಒಂದು ಮೀಟಿಂಗ್, ಅಷ್ಟೇ ಕಥೆ. ಹೆದ್ದಾರಿಗೆ ಜಾಗ ಹೋಗುತ್ತದೆ, ನಾಲ್ಕು ಜನರನ್ನು ಕೈಬಿಡಬೇಕು. ವಶೀಲಿ ಇದ್ದವರ ಹೆಸರು ಮಾತ್ರ ಪಟ್ಟಿಗೆ ಬರುವುದಿಲ್ಲ. ಆಗ ನಟಿ ಲಿಯಾ ಅಖೆಜಾಕೊವಾ ಪಾತ್ರದ ಆ ಪುಟ್ಟ ಹೆಂಗಸು ಬಾಗಿಲಿಗೆ ಬೀಗ ಹಾಕಿಬಿಡುತ್ತಾಳೆ. ಮೀಟಿಂಗ್ ನಡೆಯುವ ಮ್ಯೂಸಿಯಂನ ಹುಲ್ಲು ತುಂಬಿದ ಪ್ರಾಣಿಗಳ ಮಧ್ಯೆ ರಾತ್ರಿಯಿಡೀ ಎಲ್ಲರೂ ಒಳಗೇ. ಎಷ್ಟು ನಗಿಸುತ್ತದೋ ಅಷ್ಟೇ ಚುಚ್ಚುತ್ತದೆ. ಸೋವಿಯತ್ ಕಾಲದ ಸಾಮಾನ್ಯ ಜನರಿಗೆ ಒಂದು ಗ್ಯಾರೇಜ್ ಎಷ್ಟು ದೊಡ್ಡ ವಿಷಯ ಅಂತ ಅಕ್ಕ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ.

ಒಂದು ಕಡೆ ಸಿಕ್ಕಿಕೊಂಡೆವು. ಕಾರಿಗೋಸ್ಕರ ತನ್ನ 'ರೋದಿನಾ' ಮಾರಿದೆ ಅಂತ ಒಬ್ಬ ಕಿರುಚುತ್ತಾನೆ. ಆ ರಷ್ಯನ್ ಪದಕ್ಕೆ ದೇಶ ಅನ್ನುವ ಅರ್ಥವೂ ಇದೆ, ಹುಟ್ಟೂರು ಅನ್ನುವುದೂ ಇದೆ. ಅವನು ಮಾರಿದ್ದು ಹಳ್ಳಿಯ ಮನೆ. 'ದೇಶ' ಅಂದರೆ ಮನೆ ಹೋಯಿತು, 'ಊರು' ಅಂದರೆ ನಗು ಹೋಯಿತು. ನನಗೆ ಅಲ್ಲಿಂದ ಮುಂದೆ ಟೈಪ್ ಮಾಡಲು ಆಗಲಿಲ್ಲ. ಆ ವಾರವಷ್ಟೇ ಅಮ್ಮನ ಊರಿನ ಮನೆ ಮಾರಿ ಆಸ್ಪತ್ರೆಗೆ ಕಟ್ಟಿದ್ದೆ. ಅಮ್ಮನಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅವತ್ತು ಆ ಕಾರಿಡಾರ್‌ನಲ್ಲಿ ಅಕ್ಕನಿಗೆ ಹೇಳಿ ಜೋರಾಗಿ ಅತ್ತುಬಿಟ್ಟೆ.

ಅಕ್ಕ ಸಮಾಧಾನದ ಮಾತು ಆಡಲಿಲ್ಲ. ನನ್ನ ಕಿವಿಯಿಂದ ಬಿದ್ದಿದ್ದ ಇಯರ್‌ಫೋನ್ ಎತ್ತಿ ಮತ್ತೆ ಸಿಕ್ಕಿಸಿದರು. ಆಮೇಲೆ ಬೆಳಗಿನ ಜಾವ, ಲೋಟ ಕೆಳಗಿಡುತ್ತಾ, "ತಾಯ್ನೆಲ ಅಂತ ಹಾಕು" ಅಂದರು. ಎರಡೂ ಅರ್ಥ ಅದರಲ್ಲಿ ಕೂತವು.

ಅಕ್ಕಾ, ನೀವು ಎದ್ದು ಹೋಗಲಿಲ್ಲ. ಡಾಕ್ಟರ್ ಹೊರಗೆ ಬಂದು ಮಾತಾಡುವವರೆಗೂ ನನ್ನ ಪಕ್ಕದಲ್ಲೇ ಇದ್ದಿರಿ. ಅದನ್ನು ಎಲ್ಲರೆದುರು ಹೇಳಬೇಕಿತ್ತು.

ಮನೆ ಮಾರಿದ ವಿಷಯ ಅಮ್ಮನಿಗೆ ಈಗ ಗೊತ್ತು. ಭಾನುವಾರ ಮುಂದಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಆ ಸಾಲು ಬಂದಾಗ ತುಟಿ ಆಡಿಸುತ್ತಾ ಓದಿದರು. ನಾನು ಉಸಿರು ಹಿಡಿದೆ. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿ, "ಪಾಪ, ಅವನಿಗೆ ಗ್ಯಾರೇಜ್ ಸಿಗುತ್ತೇನೋ?" ಅಂದರು.

"ನೋಡ್ತಾ ಇರಮ್ಮ" ಅಂದೆ.